‘ಸಿರಾತ್’ ನೋಡಿದವರು ಹೇಳಿ: ಭಾವನನ್ನು ಕರೆದುಕೊಂಡು ಹೋಗಬಹುದಾ?

ಕೇಳಿದ್ದು, ಮ್ಯೂನಿಕ್‌ನಿಂದ

ಎಲ್ಲರಿಗೂ ನಮಸ್ಕಾರ. ಅಕ್ಕ, ಭಾವ ಮೈಸೂರಿನಿಂದ ಮೂರು ವಾರಕ್ಕೆ ಬಂದಿದ್ದಾರೆ. ಭಾವನಿಗೆ ಸಿನಿಮಾ ಅಂದರೆ ಪ್ರಾಣ. ಅದರಲ್ಲೂ ಮರಳುಗಾಡು, ಲಾರಿ, ಉದ್ದ ಪ್ರಯಾಣ ಇಂಥದ್ದೆಲ್ಲ ಜಾಸ್ತಿ ಇಷ್ಟ. ನಮ್ಮ ಮನೆ ಹತ್ತಿರದ ಚಿಕ್ಕ ಥಿಯೇಟರಿನಲ್ಲಿ ‘ಸಿರಾತ್’ ಮತ್ತೆ ಹಾಕುತ್ತಿದ್ದಾರೆ. ಒಲಿವರ್ ಲಾಶೆ ನಿರ್ದೇಶನದ ಸ್ಪೇನಿನ ಸಿನಿಮಾ, 2025ರ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿಯನ್ನು ಇನ್ನೊಂದು ಸಿನಿಮಾದ ಜೊತೆ ಹಂಚಿಕೊಂಡಿತ್ತಲ್ಲ, ಅದು. ಕಾಣೆಯಾದ ಮಗಳನ್ನು ಹುಡುಕಿಕೊಂಡು ಒಬ್ಬ ಅಪ್ಪ ತನ್ನ ಚಿಕ್ಕ ಮಗನ ಜೊತೆ ಮೊರಾಕೊದ ಮರಳುಗಾಡಿಗೆ ಬರುತ್ತಾನೆ, ಅಲ್ಲಿ ರೇವ್ ಪಾರ್ಟಿಯ, ಅಂದರೆ ಬಯಲಿನಲ್ಲಿ ಜೋರು ಸಂಗೀತ ಹಾಕಿ ಹಗಲೂ ರಾತ್ರಿ ಕುಣಿಯುವ ಜನರ ಹಿಂದೆ ಹೊರಡುತ್ತಾನೆ. ನನಗೆ ಗೊತ್ತಿರುವುದು ಇಷ್ಟೇ. ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು, "ಏನೂ ಓದಬೇಡ, ಸುಮ್ನೆ ಹೋಗಿ ಕೂತ್ಕೋ."

ನಾನು ಹಾಗೆ ಸುಮ್ನೆ ಹೋಗುವ ಹಾಗಿಲ್ಲ. ಎರಡು ವರ್ಷದ ಹಿಂದೆ ಅಕ್ಕ ಭಾವನ ಮಗ ಘಾಟಿ ರಸ್ತೆಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಹತ್ತು ವರ್ಷದ ಹುಡುಗ. ಭಾವನೂ ಜೊತೆಯಲ್ಲಿದ್ದರು. ಈ ಸಿನಿಮಾದಲ್ಲಿ ಅಪ್ಪ ಮಗ ಇದ್ದಾರೆ, ವ್ಯಾನ್ ಇದೆ, ಬೆಟ್ಟದ ರಸ್ತೆ ಇದೆ ಅಂತ ಪೋಸ್ಟರ್ ನೋಡಿಯೇ ನನಗೆ ಸ್ವಲ್ಪ ಅಳುಕು. ಶನಿವಾರಕ್ಕೆ ಎರಡು ಟಿಕೆಟ್ ತೆಗೆದಾಗಿದೆ. ಅಕ್ಕ ಬರಲ್ಲ, ಅವಳಿಗೆ ಜೋರು ಸದ್ದು ಆಗಿಬರಲ್ಲ. ನೋಡಿದವರು ನಿಮ್ಮ ಅನುಭವ ಹೇಳಿ. ಕತೆ ಬಿಟ್ಟುಕೊಟ್ಟರೂ ಪರವಾಗಿಲ್ಲ, ನನಗೆ.

ಬಾರ್ಸಿಲೋನಾದಿಂದ

ಹೋಗಿ, ಹೋಗಿ, ಯೋಚನೆಯೇ ಬೇಡ! ಇಲ್ಲಿ 2025ರ ಜೂನ್‌ನಲ್ಲಿ ಬಿಡುಗಡೆಯಾದ ಮೊದಲ ವಾರವೇ ನೋಡಿದೆ. ಶುರುವಿನಲ್ಲಿ ಕೆಂಪು ಬಂಡೆಗಳ ಮುಂದೆ ಆಳೆತ್ತರದ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ, ಗೋಡೆ ಕಟ್ಟಿದ ಹಾಗೆ, ಮಾತೇ ಇಲ್ಲ, ಆಮೇಲೆ ಒಂದು ಸ್ವಿಚ್ ಒತ್ತಿದರೆ ನೀವು ಕೂತ ಕುರ್ಚಿ ನಡುಗುತ್ತದೆ. ಸಿನಿಮಾದ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ಸುಮಾರು ಅರ್ಧ ಗಂಟೆ ಆಗಿರುತ್ತದೆ! ಒಂದು ತಮಾಷೆ ಹೇಳುತ್ತೇನೆ, ಆ ಕೆಂಪು ಬಂಡೆಗಳು ಮೊರಾಕೊ ಅಲ್ಲ, ಇಲ್ಲೇ ಸ್ಪೇನಿನ ಟೆರುಯೆಲ್ ಕಡೆಯವು. ನೋಡುವಾಗ ಗೊತ್ತೇ ಆಗಲ್ಲ.

ಅಪ್ಪನ ಪಾತ್ರ ಮಾಡಿದ ಸೆರ್ಜಿ ಲೋಪೆಸ್ ಬಿಟ್ಟರೆ ದೊಡ್ಡ ನಟರು ಯಾರೂ ಇಲ್ಲ. ರೇವ್ ಜನರಾಗಿ ಬರುವವರು ನಿಜವಾಗಿಯೂ ಆ ಲೋಕದವರೇ. ಒಬ್ಬನಿಗೆ ಒಂದು ಕಾಲಿಲ್ಲ, ಇನ್ನೊಬ್ಬನಿಗೆ ಒಂದು ಕೈಯಿಲ್ಲ, ಅದು ಮೇಕಪ್ ಅಲ್ಲ, ಅವರು ಇರುವುದೇ ಹಾಗೆ. ನಮ್ಮಲ್ಲಿ ರೇವ್ ಪಾರ್ಟಿ ಅಂದರೆ ಫಾರ್ಮ್‌ಹೌಸ್ ಮೇಲೆ ಪೊಲೀಸ್ ದಾಳಿ ಅನ್ನುವ ಟಿವಿ ಸುದ್ದಿ ಮಾತ್ರ ಅಲ್ವಾ, ಇವರನ್ನು ನೋಡಿದರೆ ಆ ಅಭಿಪ್ರಾಯ ಬದಲಾಗುತ್ತದೆ. ಏನೂ ಓದದೆ ಹೋಗಿ.

ಬೆಂಗಳೂರಿನಿಂದ

ಮೇಲಿನವರೇ, ಪ್ರಶ್ನೆ ಪೂರ್ತಿ ಓದಿ ಸ್ವಾಮಿ. ಎರಡನೇ ಪ್ಯಾರಾ ಇದೆ.

ನಾನು ಒಂದು ಚಿತ್ರೋತ್ಸವದಲ್ಲಿ ನೋಡಿದೆ. ಒಂದೂವರೆ ಗಂಟೆ ಸಾಲಿನಲ್ಲಿ ನಿಂತು. ನನಗೆ ಹಿಡಿಸಲಿಲ್ಲ. ಹೊಗಳುವವರ ನಡುವೆ ಇದನ್ನು ಹೇಳಿದರೆ ‘ನಿಂಗೆ ಅರ್ಥ ಆಗಿಲ್ಲ’ ಅನ್ನುತ್ತಾರೆ, ಅನ್ನಲಿ. ಮೊದಲರ್ಧ ಚೆನ್ನಾಗಿದೆ. ಲಾರಿ ಹೊಳೆ ದಾಟುವುದು, ಪೆಟ್ರೋಲಿಗೆ ಪರದಾಟ, ಊಟ ಹಂಚಿಕೊಳ್ಳುವುದು, ಒರಟು ಜನರ ಒಳ್ಳೆತನ ನಿಧಾನವಾಗಿ ತೆರೆದುಕೊಳ್ಳುವುದು, ಎಲ್ಲ ಸರಿ. ಆಮೇಲೆ ನಿರ್ದೇಶಕ ನಮ್ಮ ಕೆನ್ನೆಗೆ ಹೊಡೆಯಲು ಶುರು ಮಾಡುತ್ತಾನೆ. ಒಂದು ಸಲ ಹೊಡೆದರೆ ಎಚ್ಚರ ಆಗುತ್ತದೆ, ನಾಲ್ಕು ಸಲ ಹೊಡೆದರೆ ‘ಯಾಕಪ್ಪಾ’ ಅನ್ನಿಸುತ್ತದೆ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎದ್ದು ಹೋದರು, ವಾಪಸ್ ಬರಲಿಲ್ಲ. ಹಿಂದಿನ ಸಾಲಿನ ಹುಡುಗರು ಹೆದರಿಕೆ ತಡೆಯಲಾರದೆ ನಕ್ಕರು.

ಇನ್ನೊಂದು ತಕರಾರು. ಕೊನೆಯ ಭಾಗದಲ್ಲಿ ಬರುವ ಅಪಾಯ ಆಕಾಶದಿಂದ ಬಿದ್ದದ್ದಲ್ಲ. ಮೊರಾಕೊದ ದಕ್ಷಿಣಕ್ಕಿರುವ ವಿವಾದಿತ ಪ್ರದೇಶ ಪಶ್ಚಿಮ ಸಹಾರಾದಲ್ಲಿ 1980ರ ದಶಕದಲ್ಲಿ ಮೊರಾಕೊ ಕಟ್ಟಿದ ಸುಮಾರು 2,700 ಕಿಲೋಮೀಟರ್ ಉದ್ದದ ಮರಳು ಗೋಡೆ ಇದೆ, ಅದರ ಉದ್ದಕ್ಕೂ ನೆಲಬಾಂಬ್ ಹುಗಿದಿದ್ದಾರೆ, ಅಲ್ಲಿನ ಸಹರಾವಿ ಜನ ಇವತ್ತಿಗೂ ಕೈಕಾಲು ಕಳೆದುಕೊಳ್ಳುತ್ತಿದ್ದಾರೆ. ಸಿನಿಮಾ ಅವರ ಹೆಸರೇ ಎತ್ತುವುದಿಲ್ಲ. ಅಲ್ಲಿನವರ ನೋವಿನ ನೆಲ, ಯುರೋಪಿನವರ ದುಃಖಕ್ಕೆ ರಂಗಸಜ್ಜಿಕೆ ಆಯಿತು, ಅಷ್ಟೇ.

ಅಯ್ಯೋ, ಅರ್ಧ ಕತೆ ಹೇಳಿಬಿಟ್ಟೆ. ಇರಲಿ, ಕೇಳಿದ್ದಾರಲ್ಲ.

ನ್ಯೂಜೆರ್ಸಿಯಿಂದ

ತಮ್ಮಾ, ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ, ನಾನು ಹೇಳುತ್ತೇನೆ. ಕತೆ ಗೊತ್ತಾಗುವುದು ಬೇಡ ಅನ್ನುವವರು ನನ್ನ ಉತ್ತರ ಬಿಟ್ಟು ಮುಂದೆ ಹೋಗಿ.

ಆ ಹುಡುಗ ಸಾಯುತ್ತಾನೆ. ಎಸ್ತೆಬಾನ್ ಅಂತ ಹೆಸರು. ಸಿನಿಮಾದ ಹೆಚ್ಚುಕಡಿಮೆ ಮಧ್ಯದಲ್ಲಿ, ಬೆಟ್ಟದ ಇಕ್ಕಟ್ಟಾದ ರಸ್ತೆಯಲ್ಲಿ ಒಂದು ಲಾರಿ ಸಿಕ್ಕಿಕೊಂಡಿರುತ್ತದೆ. ಅಪ್ಪ ಇಳಿದು ಅವರಿಗೆ ಸಹಾಯ ಮಾಡುತ್ತಿರುತ್ತಾನೆ. ಹುಡುಗ, ನಾಯಿ ಪೀಪಾ ಇಬ್ಬರೂ ವ್ಯಾನಿನಲ್ಲಿ. ವ್ಯಾನ್ ಹಿಂದಕ್ಕೆ ಜಾರಿ ಪ್ರಪಾತಕ್ಕೆ ಹೋಗುತ್ತದೆ. ಅಷ್ಟೇ. ಮುನ್ಸೂಚನೆ ಇಲ್ಲ, ಎದೆ ಬಡಿದುಕೊಳ್ಳುವ ಹಿನ್ನೆಲೆ ಸಂಗೀತ ಇಲ್ಲ. ರಕ್ತ ತೋರಿಸುವುದಿಲ್ಲ, ದೇಹ ತೋರಿಸುವುದಿಲ್ಲ. ಅಪ್ಪ ಕೂಗುವುದು ಮಾತ್ರ ಕೇಳಿಸುತ್ತದೆ. ಅದು ಒಂದು ದೃಶ್ಯದಲ್ಲಿ ಮುಗಿಯುವ ವಿಷಯವೂ ಅಲ್ಲ, ಆಮೇಲೆ ಉಳಿದ ಅಷ್ಟೂ ಹೊತ್ತು ಆ ಮನುಷ್ಯನ ಮುಖ ನೋಡಿಕೊಂಡು ಕೂರಬೇಕು. ಮಗಳ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ. ಅವಳು ಸಿಗುವುದಿಲ್ಲ.

ಮುಂದೆ ನೆಲಬಾಂಬಿನ ಬಯಲು. ದುಃಖ ಮರೆಯಲು ಮರಳಿನಲ್ಲಿ ಸ್ಪೀಕರ್ ಹಚ್ಚಿ ಕುಣಿಯುತ್ತಿರುವಾಗಲೇ ಮೊದಲನೆಯದು ಸಿಡಿಯುತ್ತದೆ. ಅಲ್ಲಿ ನಾನು ಕುರ್ಚಿಯಿಂದ ನಿಜವಾಗಿ ಹಾರಿದೆ, ಕೈಯಲ್ಲಿದ್ದ ಪಾಪ್‌ಕಾರ್ನ್ ಮುಂದಿನ ಸಾಲಿನವರ ತಲೆ ಮೇಲೆ. ಕೊನೆಗೆ ಕೆಲವರು ದಾಟುತ್ತಾರೆ, ಊರವರಿಂದ ತುಂಬಿದ ಗೂಡ್ಸ್ ರೈಲಿನ ಮೇಲೆ ಕೂತು ಹೋಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ.

ನನಗೆ ಹನ್ನೊಂದು ವರ್ಷದ ಮಗ ಇದ್ದಾನೆ. ನನ್ನ ಮನೆಯಲ್ಲಿ ಏನೂ ಆಗಿಲ್ಲ, ದೇವರ ದಯೆ, ಆದರೂ ಮನೆಗೆ ಬಂದವಳು ಅವನ ರೂಮಿನ ಬಾಗಿಲಲ್ಲಿ ಸುಮಾರು ಹೊತ್ತು ನಿಂತಿದ್ದೆ. ನಿಮ್ಮ ಭಾವನನ್ನು ಏನೂ ಹೇಳದೆ ಕರೆದುಕೊಂಡು ಹೋಗಿ ಅಲ್ಲಿ ಕೂರಿಸುವುದು ಪಾಪ. ಇಷ್ಟು ಖಾರವಾಗಿ ಬರೆದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಬಾರ್ಸಿಲೋನಾದಿಂದ, ಮತ್ತೆ

ತಪ್ಪಾಯಿತು. ಮೊಬೈಲಿನಲ್ಲಿ ಮೊದಲ ಪ್ಯಾರಾ ಓದಿ ಉತ್ಸಾಹದಲ್ಲಿ ಬರೆದೆ. ನ್ಯೂಜೆರ್ಸಿ ಅಕ್ಕ ಹೇಳಿದ್ದು ಸರಿ. ಏನೂ ಗೊತ್ತಿಲ್ಲದೆ ಹೋಗಬೇಕು ಅನ್ನುವುದು ನನ್ನಂಥವರ ಮಜಾಕ್ಕೆ. ನಿಮ್ಮ ಭಾವನಿಗೆ ಆ ಸಲಹೆ ಕೊಡಬಾರದಿತ್ತು.

ಲಂಡನ್‌ನಿಂದ

ನಾನು ಹುಬ್ಬಳ್ಳಿಯವನು, ಇಲ್ಲಿ ಶಬ್ದದ ಕೆಲಸ ಮಾಡುತ್ತೇನೆ. ಹಾಗಾಗಿ ನನ್ನ ಮಾತೆಲ್ಲ ಕಿವಿಯ ಬಗ್ಗೆ. ಈ ಸಿನಿಮಾದ ಅರ್ಧ ಜೀವ ಕಾಂಗ್‌ಡಿಂಗ್ ರೇ ಮಾಡಿದ ಸಂಗೀತದಲ್ಲಿದೆ. ಆತ ಬರ್ಲಿನ್‌ನಲ್ಲಿರುವ ಫ್ರೆಂಚ್ ಟೆಕ್ನೋ ಸಂಗೀತಗಾರ. ಮೊದಲು ಬರೀ ಧಿಮಿ ಧಿಮಿ ತಾಳ, ಹೊಟ್ಟೆಗೆ ಗುದ್ದುವ ಹಾಗೆ. ಸಿನಿಮಾ ಮುಂದೆ ಹೋದಂತೆ ಆ ತಾಳ ಕರಗಿ ಕರಗಿ ಕೊನೆಗೆ ಬರೀ ಗಾಳಿಯಂಥ ಗುಂಗು ಉಳಿಯುತ್ತದೆ. ಜನ ಖಾಲಿಯಾದ ಹಾಗೆ ಸದ್ದೂ ಖಾಲಿಯಾಗುತ್ತದೆ. ಧ್ವನಿ ವಿಭಾಗಕ್ಕೆ ಆಸ್ಕರ್ ನಾಮನಿರ್ದೇಶನ ಸುಮ್ನೆ ಬಂದಿದ್ದಲ್ಲ. ಚಿತ್ರೀಕರಣ 16 ಎಂಎಂ ಫಿಲ್ಮಿನಲ್ಲಿ, ಚಿತ್ರದಲ್ಲೇ ಒರಟು ಕಣ ಕಾಣುತ್ತದೆ, ಅದಕ್ಕೇ ಆ ಧೂಳು ಹಲ್ಲಿಗೆ ಸಿಕ್ಕ ಹಾಗೆ ಇರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಥಿಯೇಟರಿನಲ್ಲಿ ಈ ಸಿನಿಮಾದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕಣ್ಣು ಮುಚ್ಚಿಕೊಂಡರೂ ಎದೆಗೂಡಿನೊಳಗೆ ಬರುತ್ತದೆ. ನನ್ನ ಮಟ್ಟಿಗೆ ಅದೇ ಇದರ ದೊಡ್ಡಸ್ತಿಕೆ. ನಿಮ್ಮ ಭಾವನ ಮಟ್ಟಿಗೆ ಅದೇ ತೊಂದರೆ ಇರಬಹುದು. ಹೋಗುವುದಾದರೆ ಹಿಂದಿನ ಸಾಲು, ಬಾಗಿಲ ಪಕ್ಕದ ಸೀಟು, ಜೇಬಿನಲ್ಲಿ ಇಯರ್‌ಪ್ಲಗ್. ಮುಂದಿನ ಐದು ಸಾಲು ಬೇಡವೇ ಬೇಡ. ಹಾಗೇ ಟಿಕೆಟ್ ನೋಡಿಕೊಳ್ಳಿ, ಜರ್ಮನ್ ಡಬ್ಬಿಂಗ್ ಆದರೆ ಭಾವನಿಗೆ ಒಂದಕ್ಷರ ಅರ್ಥ ಆಗಲಿಕ್ಕಿಲ್ಲ.

ದುಬೈನಿಂದ

ಸಿನಿಮಾದ ಹೆಸರಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಾನು ಭಟ್ಕಳದವನು. ಚಿಕ್ಕವನಿದ್ದಾಗ ಅಜ್ಜಿ ಮಲಗಿಸುವಾಗ ಇಸ್ಲಾಂ ನಂಬಿಕೆಯ ಸಿರಾತ್ ಸೇತುವೆ ವಿಷಯ ಹೇಳುತ್ತಿದ್ದರು. ಕೂದಲಿಗಿಂತ ತೆಳು, ಕತ್ತಿಗಿಂತ ಹರಿತ, ಕೆಳಗೆ ನರಕ, ಆಚೆ ಸ್ವರ್ಗ, ಎಲ್ಲರೂ ಅದರ ಮೇಲೆ ನಡೆಯಲೇಬೇಕು. ನಾನು "ಅಜ್ಜೀ, ನೀವು ನನ್ನ ಕೈ ಹಿಡ್ಕೋತೀರಾ?" ಅಂತ ಕೇಳಿದ್ದೆ. "ಅಲ್ಲಿ ಯಾರೂ ಯಾರ ಕೈಯೂ ಹಿಡಿಯಲ್ಲ ಮಗಾ" ಅಂದಿದ್ದರು. ನಿದ್ದೆ ಬರಿಸುವ ಕತೆಯಾ ಇದು!

ಆ ಬಾಂಬಿನ ಬಯಲಿನಲ್ಲಿ ಅಪ್ಪ ಯಾವ ಲೆಕ್ಕಾಚಾರವನ್ನೂ ಹಾಕದೆ ನೇರ ನಡೆದುಕೊಂಡು ಹೋಗಿಬಿಡುತ್ತಾನೆ. ಉಳಿದವರು ಎಲ್ಲಿ ಕಾಲಿಡಬೇಕು ಅಂತ ಯೋಚಿಸಿ ಯೋಚಿಸಿ ಸೋತಿರುತ್ತಾರೆ. ನನಗೆ ಆ ಕ್ಷಣ ಅಜ್ಜಿ ನೆನಪಾದರು. ಬೆಂಗಳೂರಿನವರು ಹೇಳಿದ ಸಹರಾವಿ ಜನರ ಮಾತು ಒಪ್ಪುತ್ತೇನೆ, ಒಂದು ಸಾಲಾದರೂ ಹೇಳಬಹುದಿತ್ತು. ಆದರೆ ನಿರ್ದೇಶಕ ಸುಮ್ನೆ ಕೊಲ್ಲುತ್ತಾ ಹೋಗಿದ್ದಾನೆ ಅನ್ನುವುದನ್ನು ಒಪ್ಪಲ್ಲ. ಎಲ್ಲ ಕಳೆದುಕೊಂಡವನಿಗೆ ಮಾತ್ರ ಹಾಗೆ ನಡೆಯಲು ಆಗುತ್ತದೆ, ಅದನ್ನು ತೋರಿಸಲು ಬೇರೆ ದಾರಿ ನನಗಂತೂ ಹೊಳೆಯುತ್ತಿಲ್ಲ.

ಬೆಂಗಳೂರಿನಿಂದ, ಮತ್ತೆ

ಅಜ್ಜಿಯ ಮಾತು ಚೆನ್ನಾಗಿದೆ. ಸಿನಿಮಾಕ್ಕಿಂತ ಚೆನ್ನಾಗಿದೆ.

ಶಿವಮೊಗ್ಗದಿಂದ

ನನ್ನದು ಸ್ವಲ್ಪ ಬೇರೆ. ಹೋದ ವರ್ಷ ತಂಗಿ ತೀರಿಕೊಂಡಳು, ಕಾಯಿಲೆಯಿಂದ. ಆಮೇಲೆ ಆರು ತಿಂಗಳು ಜನ ನನಗೆ ಬರೀ ಹಗುರ ಸಿನಿಮಾ, ಕಾಮಿಡಿ, ಸತ್ಸಂಗದ ವಿಡಿಯೋ ಕಳಿಸುತ್ತಿದ್ದರು. ಒಳ್ಳೆ ಮನಸ್ಸಿನಿಂದಲೇ. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಈ ಸಿನಿಮಾ ನೋಡಿದಾಗ ಸಿಟ್ಟು ಬರಲಿಲ್ಲ. ಅಪ್ಪ ಮರಳಿನಲ್ಲಿ ಸುಮ್ಮನೆ ಬಿದ್ದುಕೊಂಡಿರುವಾಗ ಆ ಒರಟು ಜನ ಅವನಿಗೆ ಸಮಾಧಾನದ ಮಾತು ಒಂದೂ ಹೇಳುವುದಿಲ್ಲ, ಹತ್ತಿರ ಇರುತ್ತಾರೆ ಅಷ್ಟೇ. ನನಗೆ ಬೇಕಿದ್ದದ್ದೂ ಅಷ್ಟೇ ಆಗಿತ್ತು.

ನನಗೆ ಆಗಿಬಂತು ಅಂತ ನಿಮ್ಮ ಭಾವನಿಗೂ ಆಗಿಬರುತ್ತದೆ ಅನ್ನುವ ಧೈರ್ಯ ನನಗಿಲ್ಲ. ನಮ್ಮದು ಕಾಯಿಲೆ, ಗೊತ್ತಿದ್ದ ಸಾವು. ಅವರದ್ದು ರಸ್ತೆ. ಆದರೆ ಒಂದು ಮಾತು. ನೀವು ಅವರ ಬದಲು ತೀರ್ಮಾನ ಮಾಡಬೇಡಿ. ಕರೆದುಕೊಂಡು ಹೋಗದೆ ಸುಮ್ಮನಿದ್ದರೂ ಅದು ತೀರ್ಮಾನವೇ. ಟಿಕೆಟ್ ವಿಷಯ ಅವರಿಗೆ ಗೊತ್ತಿದೆಯಲ್ಲ, ‘ಕ್ಯಾನ್ಸಲ್ ಆಯ್ತು’ ಅಂತ ಸುಳ್ಳು ಹೇಳಿದರೆ ಅವರು ಮೊಬೈಲಿನಲ್ಲಿ ಹುಡುಕಿ ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ನೇರ ಹೇಳಿ.

ಮ್ಯೂನಿಕ್‌ನಿಂದ, ಸೋಮವಾರ

ಎಲ್ಲರಿಗೂ ಋಣಿ. ಶುಕ್ರವಾರ ರಾತ್ರಿ ಹೇಳಿದೆ. ಅಕ್ಕ ಮಲಗಿದ ಮೇಲೆ ಅಡುಗೆಮನೆಯಲ್ಲಿ ಇಬ್ಬರೂ ಕಾಫಿ ಹಿಡಿದುಕೊಂಡು ಕೂತಿದ್ದೆವು. ನ್ಯೂಜೆರ್ಸಿ ಅಕ್ಕ ಬರೆದಷ್ಟನ್ನೇ ಹೇಳಿದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ನನ್ನ ಕೈ ನಡುಗುತ್ತಿತ್ತು, ಅವರದ್ದು ಇಲ್ಲ.

ಭಾವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಆ ಅಪ್ಪ ಆಗ ಎಲ್ಲಿದ್ದ?"

"ಅಲ್ಲೇ ಭಾವ, ನಾಲ್ಕು ಹೆಜ್ಜೆ ಆಚೆ. ಯಾರದ್ದೋ ಲಾರಿ ಸಿಕ್ಕಿಕೊಂಡಿತ್ತಂತೆ, ಸಹಾಯ ಮಾಡ್ತಿದ್ದನಂತೆ."

"ಹೂಂ" ಅಂದರು. ಎದ್ದು ಲೋಟ ತೊಳೆದು ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಾನು ನೋಡ್ತೀನಿ ಕಣೋ. ಆದ್ರೆ ನಾಳೆ ಬೇಡ. ಮನೆಗೆ ಹೋದ್ಮೇಲೆ, ಒಬ್ಬನೇ, ಲ್ಯಾಪ್‌ಟಾಪ್‌ನಲ್ಲಿ. ಬೇಡ ಅನ್ನಿಸಿದ್ರೆ ನಿಲ್ಲಿಸಬಹುದಲ್ಲ" ಅಂದರು. ಲಂಡನ್‌ನವರು ದಯವಿಟ್ಟು ಕ್ಷಮಿಸಬೇಕು.

ಟಿಕೆಟ್ ಸಹೋದ್ಯೋಗಿಗೆ ಕೊಟ್ಟೆ. ಶನಿವಾರ ಮೂವರೂ ಊರಾಚೆಯ ಕೆರೆ ಸುತ್ತ ನಡೆದುಕೊಂಡು ಬಂದೆವು. ದಾರಿಯಲ್ಲಿ ಭಾವ ಅಕ್ಕನಿಗೆ ತಾವೇ ಸಿನಿಮಾದ ಕತೆ ಹೇಳಿದರು, ನಾಯಿಯ ವಿಷಯ ಸಮೇತ. ನಾನು ಬೇಕಂತಲೇ ಸ್ವಲ್ಪ ಹಿಂದೆ ಉಳಿದೆ.