ಗಂಡನ ವಿಯೆಟ್ನಾಂ ಊರು, ಅತ್ತೆಯ ಫೋ ಅಂಗಡಿ: ಎಲ್ಲಿಂದ ಶುರು ಮಾಡಲಿ?

ನಾನು ಸೋಮವಾರಪೇಟೆ ಕಡೆಯವಳು, ಈಗ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದೇನೆ. ಅತ್ತೆ-ಮಾವ ವಿಯೆಟ್ನಾಮಿನವರು. 1980ರಲ್ಲಿ ದೋಣಿ ಹತ್ತಿ, ಮಲೇಷ್ಯಾದ ಪುಲಾವ್ ಬಿಡಾಂಗ್ ನಿರಾಶ್ರಿತರ ಶಿಬಿರದಲ್ಲಿದ್ದು, ಆಮೇಲೆ ಇಲ್ಲಿಗೆ ಬಂದವರು. ಫೋ ಅಂದರೆ ಅವರ ನೂಡಲ್ ಸೂಪು, ಅದರದೇ ಅಂಗಡಿ ಇದೆ. ಅತ್ತೆಗೆ ಈಗ ಮಂಡಿನೋವು. ನಮ್ಮವರು ಕೆಲಸ ಬಿಟ್ಟು ಅಂಗಡಿ ನಡೆಸುತ್ತೇನೆ, ಲಾಭದಲ್ಲಿ ಒಂದು ಪಾಲು ಮೆಕಾಂಗ್ ಡೆಲ್ಟಾದಲ್ಲಿರುವ ಅಪ್ಪನ ಊರಿಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಆ ಊರನ್ನು ಅವರು ನೋಡೇ ಇಲ್ಲ, ಭಾಷೆಯೂ ಅರ್ಧಂಬರ್ಧ. ಇಂಥದ್ದು ಮಾಡಿದವರು ಇದ್ದರೆ ಹೇಳಿ.

ವೆಸ್ಟ್‌ಮಿನ್‌ಸ್ಟರ್‌ನಿಂದ

ನಾನೂ ವಿಯೆಟ್ನಾಂ ಮನೆಯ ಸೊಸೆಯೇ. ಊರಿಗೆ ಕೊಡುವ ಮಾತು ಆಮೇಲೆ, ಮೊದಲು ಅಡುಗೆಮನೆ. ನಮ್ಮವರು ಮೊದಲ ದಿನ ತಕ್ಕಡಿ, ನೋಟ್‌ಬುಕ್ ಹಿಡಿದು ಅತ್ತೆಯ ಪಕ್ಕ ನಿಂತರು. ಚಕ್ರಮೊಗ್ಗು ಎಷ್ಟು ಗ್ರಾಂ ಅಂತ ಕೇಳಿದರೆ ಅತ್ತೆಗೆ ನಗು. ಅವರದೆಲ್ಲ ಮೂಗಿನ ಅಂದಾಜು. ಮೂರು ವಾರ ಇವರಿಗೆ ಸಿಕ್ಕಿದ್ದು ಮೂಳೆ ತೊಳೆಯೋ ಕೆಲಸ ಮಾತ್ರ. ಒಂದು ಕುದಿ ಬಂದ ನೀರನ್ನು ಚೆಲ್ಲಿ, ಒಂದೊಂದೇ ಮೂಳೆ ಉಜ್ಜಬೇಕು, ಇಲ್ಲದಿದ್ದರೆ ಸಾರು ತಿಳಿಯಾಗಲ್ಲ. ಶುಂಠಿ, ಈರುಳ್ಳಿಯನ್ನು ಸಿಪ್ಪೆ ಕಪ್ಪಾಗುವವರೆಗೆ ಸುಡಬೇಕು. ಹಾಗೆ ಸುಡುತ್ತಾ ನಿಂತಾಗಲೇ ಅತ್ತೆ ದೋಣಿಯ ಕಥೆ ಹೇಳಿದ್ದು. ಎದುರು ಕೂರಿಸಿ ರೆಕಾರ್ಡ್ ಮಾಡಲು ಹೋದಾಗ ಬಾಯೇ ಬಿಟ್ಟಿರಲಿಲ್ಲ.

ಭಾಷೆಯಲ್ಲಿ ಮೊದಲು ಸಂಬಂಧದ ಪದಗಳು. ಅವರಲ್ಲಿ ಸುಮ್ನೆ 'ನೀವು' ಅಂದುಬಿಡೋ ಹಾಗಿಲ್ಲ, ಗಿರಾಕಿಯನ್ನೂ ವಯಸ್ಸು ನೋಡಿ ಕರೆಯಬೇಕು. ಅಪ್ಪನಿಗಿಂತ ದೊಡ್ಡವರಾದರೆ ಬಾಕ್, ಚಿಕ್ಕ ಗಂಡಸರಾದರೆ ಚೂ. ದೊಡ್ಡಪ್ಪ-ಚಿಕ್ಕಪ್ಪನ ಜೊತೆ ಬೆಳೆದ ನನಗೆ ಇದು ಒಂದೇ ದಿನಕ್ಕೆ ಹತ್ತಿತು. ಎಲ್ಲರಿಗೂ ಅಂಕಲ್ ಅಂದುಕೊಂಡು ಬೆಳೆದ ನಮ್ಮವರು ಈಗಲೂ ತಡವರಿಸುತ್ತಾರೆ!

ಊರಿಗೆ ಹೊಸ ವರ್ಷದ ಟೆಟ್ ಹಬ್ಬಕ್ಕೆ ಹೋಗಬೇಡಿ, ಟಿಕೆಟ್ ದರ ಸಿಕ್ಕಾಪಟ್ಟೆ. ಅಜ್ಜನ 'ಯೋ' ದಿನಕ್ಕೆ ಹೋಗಿ. ನಮ್ಮ ತಿಥಿ ಇದ್ದ ಹಾಗೆ, ಅದೂ ಚಾಂದ್ರಮಾನದ ಲೆಕ್ಕವೇ. ನೆಂಟರಿಷ್ಟರು ಊಟಕ್ಕೆ ತಾವಾಗೇ ಸೇರುತ್ತಾರೆ. ಮನೆ ಮನೆ ಹುಡುಕೋ ಕೆಲಸ ಇಲ್ಲ.

ಹ್ಯೂಸ್ಟನ್‌ನಿಂದ

ನಮ್ಮ ಮೂರ್ಖತನ ಕೇಳಿ. ಹೆಂಡತಿಯ ಊರೂ ಡೆಲ್ಟಾದಲ್ಲೇ. ಮೊದಲ ಸಲ ಮಕ್ಕಳಿಗೆ ಅಂತ ಎರಡು ಸೂಟ್‌ಕೇಸ್ ತುಂಬಾ ಸ್ವೆಟರ್ ಒಯ್ದೆವು. ಬೆವರು ಸುರಿಸಿಕೊಂಡೇ ಎಲ್ಲರೂ ನಗುನಗುತ್ತಾ ತಗೊಂಡರು. ಎರಡನೇ ಸಲ ಬಾಯಿ ಮುಚ್ಚಿಕೊಂಡು ಏನು ಬೇಕು ಅಂತ ಕೇಳಿದೆವು. ಕಾಲುವೆಗೆ ಸೇತುವೆ ಬೇಕು ಅಂದರು. ಅಲ್ಲಿದ್ದದ್ದು ಬಿದಿರಿನ 'ಕೋತಿ ಸೇತುವೆ'. ಕಾಲಿಗೊಂದು ಬೊಂಬು, ಕೈಗೊಂದು ಬೊಂಬು ಅಷ್ಟೇ. ಮಳೆಯಲ್ಲಿ ಶಾಲೆಯ ಮಕ್ಕಳು ಅದರ ಮೇಲೇ ದಾಟಬೇಕು. ಊರಿನ ಜನ ಸಮಿತಿಯ ಒಪ್ಪಿಗೆ ಮೊದಲು ತಗೊಳ್ಳಿ. ಅದು ನಮ್ಮ ಪಂಚಾಯ್ತಿ ಆಫೀಸಿನಂಥದ್ದು. ಸಿಮೆಂಟ್, ಕಬ್ಬಿಣದ ದುಡ್ಡನ್ನು ನಾವು ನೇರ ಅಂಗಡಿಗೇ ಕಟ್ಟಿದೆವು, ಮೈಕೆಲಸ ಊರವರದು. ನೆಂಟರ ಕೈಗೆ ಕೊಡಲಿಲ್ಲ. ಅವರು ಕೆಟ್ಟವರಂತಲ್ಲ, ಲೆಕ್ಕ ಕೇಳಿದರೆ ಸಂಬಂಧ ಕೆಡುತ್ತೆ ಅಲ್ವಾ. ಓದೋ ಮಕ್ಕಳಿಗೆ ಕೊಡುವುದಾದರೆ ಊರಲ್ಲೇ 'ಖುಯೆನ್ ಹೊಕ್' ಸಂಘ ಇರುತ್ತೆ, ಓದಿಗೆ ನೆರವು ಕೊಡೋದೇ ಅದರ ಕೆಲಸ.

ವೀಸಾ ಬಗ್ಗೆ: ಮೂಲ ವಿಯೆಟ್ನಾಮಿನದು ಅಂತ ತೋರಿಸಿದರೆ ಐದು ವರ್ಷದವರೆಗೆ ವೀಸಾ ವಿನಾಯಿತಿ ಸಿಗುತ್ತೆ, ಗಂಡ-ಹೆಂಡತಿ, ಮಕ್ಕಳಿಗೂ. ಮಾವನ ಹಳೇ ಕಾಗದ ಪತ್ರ ಈಗಲೇ ಹುಡುಕಿಡಿ.

ಮೂಡಿಗೆರೆಯಿಂದ

ನನಗೆ ಅಲ್ಲಿ ನೆಂಟರಿಲ್ಲ, ಕಾಫಿ ನೋಡಲು ಬುವಾನ್ ಮಾ ಥುವೋಟ್‌ಗೆ ಹೋಗಿದ್ದೆ ಅಷ್ಟೆ. ಅಲ್ಲಿ ಹೆಚ್ಚುಕಮ್ಮಿ ಎಲ್ಲಾ ರೊಬಸ್ಟಾ. ಮನೆ ಮುಂದೆ ಹಣ್ಣು ಒಣಹಾಕಿದ್ದು ನೋಡಿ ನಮ್ಮ ಕಣವೇ ಕಂಡ ಹಾಗಾಯಿತು. ನಿಮ್ಮ ಅಂಗಡಿಯಲ್ಲಿ ಫಿನ್ ಕಾಫಿಯನ್ನೂ ಇಡಿ. ಲೋಟದ ಮೇಲೆ ಪುಟ್ಟ ಫಿಲ್ಟರ್, ಕೆಳಗೆ ಮಿಲ್ಕ್‌ಮೇಡ್. ಡಿಕಾಕ್ಷನ್ ಇಳಿಯೋದನ್ನು ಕಾಯೋದು ಸೋಮವಾರಪೇಟೆಯವರಿಗೆ ಹೇಳಿಕೊಡಬೇಕಾ?

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಅತ್ತೆಯನ್ನು ಅಜ್ಜನ 'ಯೋ' ಯಾವಾಗ ಅಂತ ಕೇಳಿದೆ. ಏನೂ ಮಾತಾಡದೆ ಗೋಡೆಯ ಮೇಲಿದ್ದ, ದಿನಕ್ಕೊಂದು ಹಾಳೆ ಹರಿಯೋ ಕ್ಯಾಲೆಂಡರ್ ಇಳಿಸಿದರು. ಕೆಳಗೆ ಸಣ್ಣಕ್ಷರದಲ್ಲಿದ್ದ ಚಾಂದ್ರಮಾನದ ತಾರೀಕು ನೋಡುತ್ತಾ ಹಾಳೆ ಮಗುಚಿ, ಒಂದರ ಮೂಲೆ ಮಡಚಿಟ್ಟರು. ಆಮೇಲೆ ಮಗನ ಕಡೆ ತಿರುಗಿ, ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಅಂಗಡಿಗೆ ಬಾ ಅಂದಿದ್ದಾರೆ. ಮೂಳೆ ತೊಳೆಯೋಕೇ ಇರಬೇಕು.