ಇಂಗ್ಲಿಷ್ ಕ್ರಿಯಾಪದಕ್ಕೆ ಹನ್ನೆರಡು ಟೆನ್ಸ್ ಉರು ಹೊಡೆಯಲೇಬೇಕೇ?

ಕ್ರಿಯಾಸಮಾಸ:
ಹನ್ನೆರಡು ಟೆನ್ಸ್‌ಗೆ ಹನ್ನೆರಡು ಪಟ್ಟಿ ಬಾಯಿಪಾಠ ಮಾಡಿಸೋದು ದಂಡದ ಕೆಲಸ. ಒಂದು ಕ್ರಿಯಾಪದಕ್ಕೆ ಸಾಮಾನ್ಯವಾಗಿ ಇರೋದು ಹೆಚ್ಚೆಂದರೆ ಐದು ರೂಪ: ರೈಟ್, ರೈಟ್ಸ್, ರೋಟ್, ರಿಟನ್, ರೈಟಿಂಗ್. ‘ಕಟ್’ ಥರದ್ದಕ್ಕೆ ಮೂರೇ, ‘ಬಿ’ ಒಂದಕ್ಕೆ ಮಾತ್ರ ಎಂಟು. ಮಿಕ್ಕಿದ್ದೆಲ್ಲ ಸಹಾಯಕ ಕ್ರಿಯಾಪದಗಳ ಜೋಡಣೆ. ಅದರ ಸರದಿ ಎಂದೂ ಬದಲಾಗಲ್ಲ: ಮೊದಲು ಮೋಡಲ್ (‘ಕ್ಯಾನ್’, ‘ಮೈಟ್’ ಥರದ್ದು), ಆಮೇಲೆ ‘ಹ್ಯಾವ್’, ಆಮೇಲೆ ಕಂಟಿನ್ಯುಯಸ್‌ನ ‘ಬಿ’, ಆಮೇಲೆ ಪ್ಯಾಸಿವ್‌ನ ‘ಬಿ’ (ಕರ್ಮಣಿ ಪ್ರಯೋಗದ್ದು), ಕಟ್ಟಕಡೆಗೆ ಮುಖ್ಯ ಕ್ರಿಯಾಪದ. ಬೇಡದ್ದನ್ನು ಬಿಡಬಹುದು, ಹಿಂದುಮುಂದು ಮಾಡೋ ಹಾಗಿಲ್ಲ. ತನ್ನ ನಂತರದ ಪದ ಯಾವ ರೂಪದಲ್ಲಿರಬೇಕು ಅಂತ ಪ್ರತಿಯೊಂದೂ ತಾನೇ ಗೊತ್ತುಮಾಡುತ್ತೆ. ಮೋಡಲ್ ಆದ ಮೇಲೆ ಮೂಲರೂಪ, ‘ಹ್ಯಾವ್’ ಆದ ಮೇಲೆ ವಿ-3 (‘ರಿಟನ್’ ಥರದ ರೂಪ), ಕಂಟಿನ್ಯುಯಸ್ ‘ಬಿ’ ಆದ ಮೇಲೆ ‘ಇಂಗ್’, ಪ್ಯಾಸಿವ್ ‘ಬಿ’ ಆದ ಮೇಲೆ ಮತ್ತೆ ವಿ-3. ‘ಇಟ್ ಮೈಟ್ ಹ್ಯಾವ್ ಬೀನ್ ಬೀಯಿಂಗ್ ರಿಟನ್’ ಅನ್ನೋ ಉದ್ದನೆಯದ್ದೂ ಇಷ್ಟರಲ್ಲೇ ಮುಗಿಯುತ್ತೆ.

ಕಾಲದ ಗುರುತು ಬೀಳೋದು ಈ ಕ್ರಿಯಾಪದಗಳ ಸಾಲಿನ ಮೊದಲ ಪದದ ಮೇಲೆ ಮಾತ್ರ. ‘ಡಿಡ್ ನಾಟ್ ವೆಂಟ್’ ತಪ್ಪಾಗೋದು ಅದಕ್ಕೇ: ಭೂತಕಾಲವನ್ನು ‘ಡಿಡ್’ ಆಗಲೇ ಹೊತ್ತಾಗಿದೆ, ಮುಂದಿನದು ‘ಗೋ’ ಆಗೇ ಇರಬೇಕು. ಹಾಗೆ ನೋಡಿದರೆ ಇಂಗ್ಲಿಷ್‌ಗೆ ಕಾಲ ಎರಡೇ, ವರ್ತಮಾನ ಮತ್ತು ಭೂತ. ಮೂಡ್ (ಹೇಳಿದ್ದು ವಾಸ್ತವವೋ, ಬರೀ ಕಲ್ಪನೆಯೋ ಬೇಡಿಕೆಯೋ ಅಂತ ತೋರಿಸೋ ಕ್ರಿಯಾರೂಪ) ವಿಚಾರದಲ್ಲಿ ಹೇಳೋಕೆ ಜಾಸ್ತಿ ಇಲ್ಲ. ‘ಇಫ್ ಐ ವರ್’ ಒಂದು ಪಳೆಯುಳಿಕೆ, ಅಲ್ಲಿ ‘ವಾಸ್’ ಅಂದರೂ ನಡೆಯುತ್ತೆ.

ಹಳೇಬೋರ್ಡು:
"ಕಾಲ ಎರಡೇ"! ಹಾಗಾದರೆ ‘ಐ ವಿಲ್ ಗೋ’ ಯಾವ ಕಾಲ ಸ್ವಾಮಿ? ಮೂರು ಕಾಲ, ಒಂದೊಂದಕ್ಕೂ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್. ಮೂರು ನಾಲ್ಕಲ ಹನ್ನೆರಡು. ಮಕ್ಕಳಿಗೂ ಅರ್ಥವಾಗೋ ಲೆಕ್ಕವನ್ನು ಯಾಕೆ ಕೆಡಿಸ್ತೀರಿ?

ಕೆಂಪುಶಾಯಿ:
"‘ವಾಸ್’ ಅಂದರೂ ನಡೆಯುತ್ತೆ" — ಎಲ್ಲಿ ನಡೆಯುತ್ತೆ, ಸ್ವಲ್ಪ ಹೇಳಿ. ಇಲ್ಲದ್ದನ್ನು ಇದೆ ಅಂತ ಕಲ್ಪಿಸಿಕೊಂಡರೆ ‘ವರ್’. ‘ಇಫ್ ಐ ವರ್ ರಿಚ್’, ‘ಐ ವಿಶ್ ಹಿ ವರ್ ಹಿಯರ್’, ‘ಆ್ಯಸ್ ಇಫ್ ಶಿ ವರ್ ದ ಓನರ್’. ಮೂರರಲ್ಲಿ ಒಂದರಲ್ಲೂ ‘ವಾಸ್’ ಬರೆಯೋ ಹಾಗಿಲ್ಲ.

ಕ್ರಿಯಾಸಮಾಸ:
@ಹಳೇಬೋರ್ಡು, ನಾಳೆಯ ಮಾತು ಆಡೋಕಾಗಲ್ಲ ಅಂದೆನಾ? ಅದಕ್ಕೇ ಮೀಸಲಾದ ರೂಪ ಇಲ್ಲ ಅಂದೆ. ‘ವಾಕ್’ಗೆ ‘ಇಡಿ’ ಹತ್ತಿ ಭೂತವಾಗುತ್ತೆ, ಭವಿಷ್ಯತ್ತಿಗೆ ಹತ್ತೋ ಪ್ರತ್ಯಯ ಒಂದು ತೋರಿಸಿ. ‘ವಿಲ್’ ಕೂಡ ‘ಕ್ಯಾನ್’, ‘ಮೇ’, ‘ಮಸ್ಟ್’ ಜೊತೆಯ ಮೋಡಲ್: ‘ಎಸ್’ ಹತ್ತಲ್ಲ, ‘ಟು’ ಬೇಕಿಲ್ಲ, ಎರಡು ಒಟ್ಟಿಗೆ ಬರಲ್ಲ. ಬಾಗಿಲು ತಟ್ಟಿದ ಸದ್ದು ಕೇಳಿ ‘ದಟ್ ವಿಲ್ ಬಿ ದ ಪೋಸ್ಟ್‌ಮ್ಯಾನ್’ ಅಂದರೆ ಅದು ಈಗಿನ ಊಹೆ. ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’ ನಾಳೆಯದ್ದು, ಅಲ್ಲಿ ‘ವಿಲ್’ ಇಲ್ಲ. ‘ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್’ನಲ್ಲಿ ಬರೋದೂ ಮುಂದೆಯೇ, ಆದರೆ ‘ವೆನ್ ಹಿ ವಿಲ್ ಕಮ್’ ಅಂದರೆ ತಪ್ಪು. ಕನ್ನಡದಲ್ಲಿ ‘ನಾಳೆ ಬರ್ತೀನಿ’ ಅಂತ ವರ್ತಮಾನದಲ್ಲೇ ಹೇಳ್ತೀವಲ್ಲ, ಯಾರಿಗೂ ಗಲಿಬಿಲಿ ಆಗಿಲ್ಲ.

ಹಳೇಬೋರ್ಡು:
"‘ಎಸ್’ ಹತ್ತಲ್ಲ" ಅನ್ನೋದು ಒಂದು ವಾದವೇ? ‘ಶ್ಯಾಲ್’ಗೂ ಹತ್ತಲ್ಲ. ‘ಐ’, ‘ವಿ’ಗೆ ಶ್ಯಾಲ್, ಉಳಿದವಕ್ಕೆ ವಿಲ್. 1653ರಲ್ಲೇ ಜಾನ್ ವಾಲಿಸ್ ತಮ್ಮ ವ್ಯಾಕರಣದಲ್ಲಿ ಕೊಟ್ಟ ನಿಯಮ ಇದು. ಇಲ್ಲದ ಕಾಲಕ್ಕೆ ನಿಯಮ ಯಾರಾದರೂ ಮಾಡ್ತಾರಾ?

ಅವ್ಯಯ:
ವಾಲಿಸ್ ಆ ಪುಸ್ತಕ ಬರೆದದ್ದು ಲ್ಯಾಟಿನ್‌ನಲ್ಲಿ, ಅದನ್ನೂ ಸೇರಿಸಿ. ಲ್ಯಾಟಿನ್‌ಗೆ ಭವಿಷ್ಯತ್ಕಾಲದ ಪ್ರತ್ಯಯ ಇದೆ, ಇಂಗ್ಲಿಷ್‌ನಲ್ಲೂ ಹುಡುಕೋ ಚಟ ಅಲ್ಲಿಂದಲೇ.

ಕೆಂಪುಶಾಯಿಯವರೇ, ‘ಇಫ್’ನಲ್ಲಿ ಬಗೆಗಳಿವೆ. ‘ಇಫ್ ಹಿ ವಾಸ್ ಇನ್ ದ ರೂಮ್ ಯೆಸ್ಟರ್ಡೇ, ಹಿ ಹರ್ಡ್ ಎವ್ರಿಥಿಂಗ್’: ಇದ್ದನೋ ಇಲ್ಲವೋ ಹೇಳೋನಿಗೆ ಗೊತ್ತಿಲ್ಲ, ಅಪ್ಪಟ ಭೂತಕಾಲ. ಇಲ್ಲಿ ‘ವರ್’ ಹಾಕಿದರೆ ಕೆಟ್ಟಿತು. ‘ಹಿ ಆಸ್ಕ್ಡ್ ಇಫ್ ಐ ವಾಸ್ ರೆಡಿ’: ಇಲ್ಲಿನ ‘ಇಫ್’ ಷರತ್ತೇ ಅಲ್ಲ, ‘ಹೌದೋ ಅಲ್ಲವೋ’ ಅನ್ನೋ ‘ವೆದರ್’. ‘ಇಫ್’ ಕಂಡಲ್ಲೆಲ್ಲ ‘ವರ್’ ತುರುಕೋ ರೋಗ ಹರಡಿದ್ದೇ ಕೆಂಪು ಶಾಯಿಯಿಂದ.

ಕೆಂಪುಶಾಯಿ:
"‘ಇಫ್’ ಕಂಡಲ್ಲೆಲ್ಲ" ಅಂತ ನಾನೆಲ್ಲಿ ಬರೆದೆ? ತೋರಿಸಿ. "ಇಲ್ಲದ್ದನ್ನು ಕಲ್ಪಿಸಿಕೊಂಡರೆ" ಅಂತ ಮೂರನೇ ಸಾಲಲ್ಲೂ ಅಲ್ಲ, ಎರಡನೇ ವಾಕ್ಯದಲ್ಲೇ ಇದೆ. ಓದದೆ ರೋಗ ಪತ್ತೆ ಮಾಡಬೇಡಿ. ‘ವಾಸ್’ ಅಷ್ಟು ಸರಾಗವಾಗಿ ನಡೆಯೋದಾದರೆ ‘ಇಫ್’ ಕಿತ್ತು ತಿರುಗಿಸಿ ನೋಡಿ: ‘ವರ್ ಐ ಟು ರಿಸೈನ್, ದೆ ವುಡ್ ಪ್ಯಾನಿಕ್’. ‘ವಾಸ್ ಐ ಟು ರಿಸೈನ್’ ಅಂತೀರಾ? ‘ಆ್ಯಸ್ ಇಟ್ ವರ್’ ಅನ್ನು ‘ಆ್ಯಸ್ ಇಟ್ ವಾಸ್’ ಮಾಡ್ತೀರಾ?

ಲೋಪಸಂಧಿ:
‘ಪ್ಯಾನಿಕ್’ ಅಂದಿರಲ್ಲ, ಅದಕ್ಕೆ ‘ಇಡಿ’ ಹಚ್ಚೋವಾಗ ನಡುವೆ ಒಂದು ‘ಕೆ’ ಬರುತ್ತೆ. ಜನ ನಿಜವಾಗಿ ಎಡವೋದು ಇಂಥಲ್ಲಿ. ಕೊನೆಗೆ ಒಂದೇ ಸ್ವರ, ಒಂದೇ ವ್ಯಂಜನ ಇದ್ದು ಒತ್ತು ಕೊನೆಯ ಉಚ್ಚಾರಾಂಶದ ಮೇಲೆ ಬಿದ್ದರೆ ವ್ಯಂಜನ ಇಮ್ಮಡಿ: ‘ಪ್ರಿಫರ್ಡ್’ಗೆ ಎರಡು ‘ಆರ್’, ‘ವಿಸಿಟೆಡ್’ಗೆ ಒಂದೇ ‘ಟಿ’. ‘ಟ್ರಾವೆಲ್ಡ್’ಗೆ ಬ್ರಿಟಿಷರು ಎರಡು ‘ಎಲ್’, ಅಮೆರಿಕನ್ನರು ಒಂದು. ಉಚ್ಚಾರಣೆಯಲ್ಲಿ ಅದೇ ‘ಇಡಿ’ಗೆ ಮೂರು ದನಿ: ಅಘೋಷದ ಮೇಲೆ ‘ಟ್’ (ವಾಕ್ಟ್), ಘೋಷದ ಮೇಲೆ ‘ಡ್’ (ಕಾಲ್ಡ್), ‘ಟ’, ‘ಡ’ ದನಿಗಳ ಮೇಲೆ ಮಾತ್ರ ‘ಇಡ್’ (ವಾಂಟಿಡ್). ‘ವಾಕೆಡ್’ ಅನ್ನೋದು ಇಲ್ಲವೇ ಇಲ್ಲ. ಇದರ ಬಗ್ಗೆ ಯಾರಾದರೂ?

ಪೂರ್ಣವಿರಾಮ:
‘ವರ್’ ವಿಚಾರಕ್ಕೆ ಬರ್ತೀನಿ. ಹಡಲ್‌ಸ್ಟನ್ ಮತ್ತು ಪುಲಮ್ ಅನ್ನೋ ಭಾಷಾವಿಜ್ಞಾನಿಗಳು 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ಇದನ್ನು ಸಬ್ಜಂಕ್ಟಿವ್ (ಕಲ್ಪನೆ, ಬೇಡಿಕೆಯ ಮೂಡ್) ಅಂತ ಕರೆಯೋದೇ ಇಲ್ಲ, ‘ಇರಿಯಾಲಿಸ್ ವರ್’ (ವಾಸ್ತವವಲ್ಲದ್ದಕ್ಕೆ ಬಳಸೋ ‘ವರ್’) ಅಂತ ಬೇರೆಯಾಗಿ ಇಟ್ಟಿದ್ದಾರೆ. ಇಡೀ ಭಾಷೆಯಲ್ಲಿ ‘ಬಿ’ ಒಂದಕ್ಕೇ ಇದು, ಅದರಲ್ಲೂ ‘ಐ’ ಮತ್ತು ‘ಹಿ-ಶಿ-ಇಟ್’ಗಷ್ಟೇ ವ್ಯತ್ಯಾಸ ಕಾಣೋದು. ‘ಇಫ್ ಐ ನ್ಯೂ’, ‘ಇಫ್ ಐ ಹ್ಯಾಡ್’ ಎಲ್ಲ ಮಾಮೂಲಿ ಭೂತರೂಪ. ಅವುಗಳಲ್ಲಿ ಕಲ್ಪನೆ ಭೂತರೂಪದಿಂದಲೇ ಹೊರಡುತ್ತೆ ಅಂದಮೇಲೆ ‘ವಾಸ್’ನಿಂದ ಯಾಕೆ ಹೊರಡಬಾರದು?

ಕೆಂಪುಶಾಯಿ:
ಮೇಡಂ, ಅದೇ ಪುಸ್ತಕ ಆ ಜಾಗದ ‘ವಾಸ್’ ಅನ್ನು ‘ವರ್’ಗಿಂತ ಕಡಿಮೆ ಔಪಚಾರಿಕ ಅನ್ನುತ್ತೆ. ಆ ಮಾತು ಬಿಟ್ಟು ಮಿಕ್ಕಿದ್ದು ಹೆಕ್ಕಿ ತಂದಿದ್ದೀರಿ.

ಪೂರ್ಣವಿರಾಮ:
"ಕಡಿಮೆ ಔಪಚಾರಿಕ" ಅಂದರೆ ತಪ್ಪು ಅಂತಲೇ? ‘ಡೋಂಟ್’ ಕೂಡ ‘ಡು ನಾಟ್’ಗಿಂತ ಕಡಿಮೆ ಔಪಚಾರಿಕ. ಅದನ್ನೂ ಹೊಡೆದು ಹಾಕ್ತೀರೇನು?

ಕೆಂಪುಶಾಯಿ:
‘ಡೋಂಟ್’ ಸಂಕ್ಷೇಪ, ‘ವಾಸ್’ ಸಂಕ್ಷೇಪ ಅಲ್ಲ. ಹೋಲಿಕೆ ಮಾಡೋವಾಗಲಾದರೂ ಒಂದೇ ಜಾತಿಯದ್ದು ತನ್ನಿ. ಮತ್ತೆ ನನ್ನ ‘ವರ್ ಐ ಟು ರಿಸೈನ್’ಗೆ ಇನ್ನೂ ಉತ್ತರ ಬಂದಿಲ್ಲ.

ಅವ್ಯಯ:
ಉತ್ತರ ಇದೆ. ಪದಗಳನ್ನು ತಿರುಗಿಸೋದೇ ಔಪಚಾರಿಕ ರಚನೆ, ಅಲ್ಲಿ ಔಪಚಾರಿಕ ರೂಪವೇ ಉಳಿದಿದೆ. ಅದು ‘ಇಫ್ ಐ ವಾಸ್’ ತಪ್ಪು ಅನ್ನೋಕೆ ಸಾಕ್ಷಿ ಅಲ್ಲ.

ಮೂಡ್ ಬಗ್ಗೆ ಜಗಳ ಬೇಕಿದ್ದರೆ ಜೀವಂತ ಸಬ್ಜಂಕ್ಟಿವ್ ಇರೋ ಕಡೆ ಮಾಡಿ. ‘ಶಿ ಇನ್ಸಿಸ್ಟ್ಸ್ ದಟ್ ಹಿ ವರ್ಕ್ಸ್ ಹಾರ್ಡ್’: ಅವನು ಕಷ್ಟಪಟ್ಟು ಕೆಲಸ ಮಾಡ್ತಾನೆ ಅಂತ ಸಾಧಿಸ್ತಾಳೆ. ‘ದಟ್ ಹಿ ವರ್ಕ್ ಹಾರ್ಡ್’: ಮಾಡಲೇಬೇಕು ಅಂತ ಪಟ್ಟು ಹಿಡೀತಾಳೆ. ಒಂದು ‘ಎಸ್’ ಬಿಟ್ಟರೆ ವಾಕ್ಯದ ಅರ್ಥವೇ ಬೇರೆ. ‘ಸಜೆಸ್ಟ್’, ‘ಡಿಮ್ಯಾಂಡ್’, ‘ರೆಕಮೆಂಡ್’, ‘ಇಟ್ ಈಸ್ ಎಸೆನ್ಷಿಯಲ್ ದಟ್’ ಆದ ಮೇಲೂ ಮೂಲರೂಪವೇ: ‘ಐ ಸಜೆಸ್ಟೆಡ್ ದಟ್ ಹಿ ಗೋ’. ನಿಷೇಧಕ್ಕೆ ‘ಡು’ ಬೇಡ, ‘ದಟ್ ಹಿ ನಾಟ್ ಗೋ’. ಅಮೆರಿಕನ್ನರಲ್ಲಿ ಇದು ಮಾಮೂಲು, ಬ್ರಿಟಿಷರು ಹಲವು ಸಲ ‘ಶುಡ್ ಗೋ’ ಅಂತಾರೆ.

ಹಳೇಬೋರ್ಡು:
"ಹಿ ಗೋ"! ‘ಹಿ’ ಬಂದರೆ ‘ಎಸ್’ ಅಥವಾ ‘ಇಎಸ್’ ಹತ್ತಬೇಕು ಅನ್ನೋದು ಮೊದಲನೇ ಪಾಠ. ಅದೇ ಗೊತ್ತಿಲ್ಲದವರು ಲ್ಯಾಟಿನ್ ಬಗ್ಗೆ ಮಾತಾಡ್ತಿದ್ದಾರೆ.

ಅವ್ಯಯ:
ಮೇಷ್ಟ್ರೇ, ಎರಡನೇ ಪಾಠವೂ ಇದೆ. ತೆಗೆದು ನೋಡಿ.

ಹಳೇಬೋರ್ಡು:
ನಾಲಿಗೆ ಬಿಗಿಹಿಡಿದು ಮಾತಾಡಿ. ವಯಸ್ಸಿಗಾದರೂ ಮರ್ಯಾದೆ ಕೊಡಿ.

ಕ್ರಿಯಾಸಮಾಸ:
ಇಬ್ಬರೂ ಸ್ವಲ್ಪ ತಡೀರಿ. ಸಾಲಿನ ಮೊದಲ ಪದ ಅಂದೆನಲ್ಲ, ಅದರ ಉಪಯೋಗ ಇಲ್ಲಿದೆ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಯಾಕೆ ತಪ್ಪು? ಮೊದಲ ಪದ ‘ಹ್ಯಾವ್’ ವರ್ತಮಾನ, ಮುಗಿದುಹೋದ ‘ಯೆಸ್ಟರ್ಡೇ’ ಜೊತೆ ಅದು ಹೊಂದಲ್ಲ. ಆದರೆ ‘ಐ ಮಸ್ಟ್ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಸರಿ, ಯಾಕಂದರೆ ಅಲ್ಲಿನ ‘ಹ್ಯಾವ್’ ಮೂಲರೂಪ, ವರ್ತಮಾನ ಅಲ್ಲ. ಹನ್ನೆರಡು ಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗಲ್ಲ. ಇನ್ನೊಂದು, ‘ಐಡ್’ ಅನ್ನೋ ಸಂಕ್ಷೇಪ. ಮುಂದೆ ವಿ-3 ಇದ್ದರೆ ‘ಹ್ಯಾಡ್’ (‘ಐಡ್ ಗಾನ್’), ಮೂಲರೂಪ ಇದ್ದರೆ ‘ವುಡ್’ (‘ಐಡ್ ಗೋ’). ‘ಐಡ್ ಬೆಟರ್ ಗೋ’ ಮಾತ್ರ ‘ಹ್ಯಾಡ್’. ಎರಡೂ ಕಿವಿಗೆ ಒಂದೇ ಥರ ಕೇಳೋದರಿಂದ ‘ಇಫ್ ಐ ವುಡ್ ಹ್ಯಾವ್ ನೋನ್’ ಅಂತ ಬರೆದುಬಿಡ್ತಾರೆ. ಸರಿಯಾದದ್ದು ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’. ‘ವುಡ್’ ಫಲಿತಾಂಶದ ಕಡೆ, ಷರತ್ತಿನ ಕಡೆ ಅಲ್ಲ.

ಕೆಂಪುಶಾಯಿ:
"‘ಇಫ್ ಐ ವುಡ್ ಹ್ಯಾವ್ ನೋನ್’ ಅಂತ ಬರೆದುಬಿಡ್ತಾರೆ" — ಅಮೆರಿಕನ್ ಮಾತಿನಲ್ಲಿ ಧಾರಾಳವಾಗಿ ಕೇಳಿಬರುತ್ತೆ. ಹಾಗಾದರೆ ಅದೂ ‘ನಡೆಯುತ್ತೆ’ ತಾನೇ? ಜನ ಆಡ್ತಾರೆ ಅನ್ನೋದೇ ಅಳತೆ ಆದರೆ ‘ವಾಸ್’ಗೆ ಒಂದು ನ್ಯಾಯ, ‘ವುಡ್ ಹ್ಯಾವ್’ಗೆ ಒಂದು ನ್ಯಾಯ ಯಾಕೆ?

ಪೂರ್ಣವಿರಾಮ:
‘ಇಫ್ ಐ ವಾಸ್’ ಒಳ್ಳೆಯ ಬರಹಗಾರರ ಗದ್ಯದಲ್ಲೂ ಶತಮಾನಗಳಿಂದ ಇದೆ, ತಿದ್ದಿದ ಬರಹದಲ್ಲೂ ಉಳಿಯುತ್ತೆ. ‘ಇಫ್ ಐ ವುಡ್ ಹ್ಯಾವ್’ ಮಾತಿನಲ್ಲಿದೆ, ತಿದ್ದಿದ ಬರಹದಲ್ಲಿ ನಿಲ್ಲಲ್ಲ. ಅಳತೆ ಅದು.

ಕೆಂಪುಶಾಯಿ:
"ತಿದ್ದಿದ ಬರಹ" ಅಂದಿರಿ. ತಿದ್ದೋರು ಯಾರು? ನಮ್ಮಂಥವರೇ. ಹಾಗಾದರೆ ನಮ್ಮ ಮಾತು ಕೇಳಿ, ಔಪಚಾರಿಕ ಪತ್ರದಲ್ಲಿ ‘ಇಫ್ ಐ ವಾಸ್ ಯು’ ಬರೀಬೇಡಿ.

ಪೂರ್ಣವಿರಾಮ:
ಔಪಚಾರಿಕ ಪತ್ರದಲ್ಲಿ ಯಾರು ಸಾರ್ ‘ನಾನು ನಿಮ್ಮ ಜಾಗದಲ್ಲಿದ್ದಿದ್ದರೆ’ ಅಂತ ಬುದ್ಧಿ ಹೇಳ್ತಾರೆ?

ಲೋಪಸಂಧಿ:
‘ಇಡಿ’ಯ ಮೂರು ದನಿ ಹಾಗೇ ಉಳೀತು. ‘ಲೈ-ಲೇ-ಲೇನ್’ ಮತ್ತು ‘ಲೇ-ಲೇಡ್-ಲೇಡ್’ ಬೇರೆ ಬಾಕಿ ಇದೆ. ಮಲಗೋದರ ಭೂತರೂಪವೂ ಇಡೋದರ ಮೂಲರೂಪವೂ ಒಂದೇ ‘ಲೇ’ ಆಗಿರೋದೇ ಎಲ್ಲ ಗೊಂದಲಕ್ಕೆ ಕಾರಣ. ‘ಹಿ ಲೇಡ್ ಡೌನ್’ ತಪ್ಪು, ‘ಹಿ ಲೇ ಡೌನ್’ ಸರಿ.

ಕೆಂಪುಶಾಯಿ:
ಅದರಲ್ಲಿ ವಿವಾದ ಇಲ್ಲ. ‘ವರ್’ ಮುಗೀಲಿ ಮೊದಲು.

ಕ್ರಿಯಾಸಮಾಸ:
ಹಳೇಬೋರ್ಡು ಸಾರ್, ಒಂದೇ ಪ್ರಶ್ನೆ. ‘ಹಿ ವುಡ್ ಹ್ಯಾವ್ ಬೀನ್ ಸ್ಲೀಪಿಂಗ್’ ನಿಮ್ಮ ಹನ್ನೆರಡರಲ್ಲಿ ಯಾವುದು?

ಹಳೇಬೋರ್ಡು:
ಫ್ಯೂಚರ್ ಇನ್ ದ ಪಾಸ್ಟ್, ಪರ್ಫೆಕ್ಟ್ ಕಂಟಿನ್ಯುಯಸ್. ಅದರಲ್ಲೂ ನಾಲ್ಕಿವೆ, ಸೇರಿಸಿದರೆ ಹದಿನಾರಾಗುತ್ತೆ. ಎರಡಂತೂ ಆಗಲ್ಲ.