ಸುಮಾಳ ಕ್ವಾಲಿಸ್ ಪುಲ್ಲಿಯ ವಿಷಯ

ಸುಮಾ, ನಿನ್ನ ಸಂದೇಶವನ್ನು ಸೊಸೆ ಈಗಷ್ಟೇ ಓದಿ ಹೇಳಿದಳು. ನಿಮ್ಮ ಮಾವನವರ ಕ್ವಾಲಿಸ್ ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಕಿರ್ರೆಂದು ಕೂಗುತ್ತಿದೆ, ಕ್ರ್ಯಾಂಕ್ ಪುಲ್ಲಿ, ಅಂದರೆ ಎಂಜಿನ್ನಿನ ಮುಂದೆ ಬೆಲ್ಟನ್ನು ಎಳೆಯುವ ಗಾಲಿ, ಹೋಗುತ್ತಾ ಬಂದಿದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ, ಆದರೂ ಸದ್ಯಕ್ಕೆ ಬೆಲ್ಟನ್ನಷ್ಟೇ ಹೊಸದು ಹಾಕಿ ಕೊಡುತ್ತೇವೆ, ಶುಕ್ರವಾರ ಧರ್ಮಸ್ಥಳಕ್ಕೆ ಹೋಗಿ ಬನ್ನಿ, ಪುಲ್ಲಿಯನ್ನು ಆಮೇಲೆ ನೋಡೋಣ ಎಂದಿದ್ದಾರೆ. ಹೋಗಬಹುದೇ ದೊಡ್ಡಪ್ಪ ಎಂದು ಕೇಳಿದ್ದೀಯೆ. ಅದಕ್ಕೆ ಗುಂಪಿನಲ್ಲಿ ಕೆಲವರು ಆಗಲೇ ಹೆಬ್ಬೆರಳು ತೋರಿಸಿ, ಏನೂ ಆಗುವುದಿಲ್ಲ, ಆರಾಮವಾಗಿ ಹೋಗಿ ಬನ್ನಿ ಎಂದು ಬರೆದಿದ್ದಾರಂತೆ. ಅವರಲ್ಲಿ ಯಾರೂ ಇಂದಿನವರೆಗೆ ಬಾನೆಟ್ ಎತ್ತಿ ನೋಡಿದವರಲ್ಲ. ಬೆರಳಿನಲ್ಲಿ ಒತ್ತಿ ಬರೆಯುವುದು ನನ್ನಿಂದಾಗದು, ಮಾತಿನಲ್ಲಿಯೇ ಹೇಳುತ್ತೇನೆ, ಉದ್ದವಾದರೂ ಕೊನೆಯವರೆಗೆ ಕೇಳು. ಬೆಲ್ಟನ್ನು ಮಾತ್ರ ಬದಲಿಸಿಕೊಂಡು ಘಾಟಿ ಇಳಿಯಬೇಡಿ.

ನಮ್ಮ ಕ್ವಾಲಿಸ್ ಚಾರ್ಮಾಡಿಯಲ್ಲಿ ನಿಂತ ಕಥೆ ನಿಮಗೆಲ್ಲ ಗೊತ್ತು, ಆದರೆ ಅದು ಏಕೆ ನಿಂತಿತು ಎಂದು ಯಾರೂ ಕೇಳಿದವರಲ್ಲ. ಅದಕ್ಕೂ ನಿನ್ನ ಗಾಡಿಯಂತೆಯೇ ಬೆಳಗಿನ ಹೊತ್ತು ಕೂಗುವ ಚಾಳಿ ಹತ್ತಿತ್ತು. ಆಗ ನಾನು ಬಿಡುತ್ತಿದ್ದ ಗ್ಯಾರೇಜಿನವರು, ಹೆಸರು ಬೇಡ, ಒಮ್ಮೆ ಬೆಲ್ಟಿಗೆ ಏನೋ ಸ್ಪ್ರೇ ಹೊಡೆದರು, ಇನ್ನೊಮ್ಮೆ ಬಿಗಿ ಮಾಡಿದರು, ಕೊನೆಗೆ ಹೊಸ ಬೆಲ್ಟುಗಳನ್ನು ಹಾಕಿ ದುಡ್ಡು ತೆಗೆದುಕೊಂಡರು. ಹೊಸ ಬೆಲ್ಟೂ ಒಂದೇ ಅಂಚಿನಲ್ಲಿ ಸವೆದು ಕಪ್ಪು ಪುಡಿ ಉದುರುತ್ತಿದೆಯಲ್ಲ ಎಂದು ನಾನು ತೋರಿಸಿದರೆ, ಹೊಸದರಲ್ಲಿ ಹಾಗೆಯೇ ಸಾರ್, ಓಡುತ್ತಾ ಓಡುತ್ತಾ ಕೂತುಕೊಳ್ಳುತ್ತದೆ ಎಂದರು. ಆ ಆಷಾಢದಲ್ಲಿ ನಿಮ್ಮ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿಗೆ ಇಳಿದೆವು. ಮಳೆ, ಮಂಜು, ಎದುರಿನಿಂದ ಏರಿ ಬರುವ ಬಸ್ಸುಗಳು. ತಿರುವೊಂದನ್ನು ದಾಟುವಾಗ ಬಾನೆಟ್ಟಿನೊಳಗೆ ಏನೋ ಬಡಿದ ಸದ್ದಾಗಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಆ ಕ್ಷಣಕ್ಕೆ ಬ್ರೇಕ್ ಎಂದಿನಂತೆಯೇ ಹಿಡಿಯಿತು; ಮುಂದಿನ ತಿರುವಿಗೆ ಬರುವಷ್ಟರಲ್ಲಿ ಪೆಡಲ್ ಕಲ್ಲಾಗಿತ್ತು. ಎರಡನೇ ಗೇರಿನಲ್ಲಿದ್ದ ಗಾಡಿಯನ್ನು ಮೊದಲನೆಯದಕ್ಕೆ ಹಾಕಿ, ಎರಡೂ ಕಾಲಿನಿಂದ ಪೆಡಲ್ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ತಾಗಿಸಿ ನಿಲ್ಲಿಸಿದೆ. ಅಜ್ಜಿ ಜಪದ ಮಣಿ ಬಿಡದೆ, ಇಲ್ಲೇಕೆ ನಿಲ್ಲಿಸಿದೆಯೋ, ಇಲ್ಲಿ ದೇವಸ್ಥಾನವೂ ಇಲ್ಲ ಎಂದರು.

ಬೆಲ್ಟ್ ಹೋದರೆ ಬ್ರೇಕಿಗೇನು ಸಂಬಂಧ ಎಂದು ಅಳಿಯಂದಿರು ಕೇಳಬಹುದು. ಪೆಟ್ರೋಲ್ ಗಾಡಿಯಲ್ಲಿ ಬ್ರೇಕ್ ಬೂಸ್ಟರಿಗೆ, ಅಂದರೆ ಪೆಡಲ್ ಹಗುರವಾಗಿ ಒತ್ತಿದರೂ ಬ್ರೇಕ್ ಬಲವಾಗಿ ಹಿಡಿಯುವಂತೆ ಮಾಡುವ ಡಬ್ಬಿಗೆ, ಬೇಕಾದ ಎಳೆತವನ್ನು ಎಂಜಿನ್ನೇ ಗಾಳಿ ಎಳೆದುಕೊಳ್ಳುವಾಗ ಕೊಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಸಾಲದು, ಅದಕ್ಕಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಕ್ವಾಲಿಸ್‌ನಲ್ಲಿ ಆ ಪಂಪು ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಬೆನ್ನಿಗೆ ಅಂಟಿಕೊಂಡಿದೆ, ಡೈನಮೋವನ್ನು ತಿರುಗಿಸುವುದು ಬೆಲ್ಟ್, ಬೆಲ್ಟನ್ನು ಎಳೆಯುವುದು ಕ್ರ್ಯಾಂಕ್ ಪುಲ್ಲಿ. ಬೂಸ್ಟರಿನಲ್ಲಿ ಉಳಿದದ್ದು ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ನೀರಿನ ಪಂಪೂ ಫ್ಯಾನೂ ನಿಲ್ಲುವುದರಿಂದ ಎಂಜಿನ್ ಬಿಸಿಯೇರುವುದು ಬೇರೆ. ಸಮತಟ್ಟಾದ ರಸ್ತೆಯಲ್ಲಾದರೆ ಬದಿಗೆ ನಿಲ್ಲಿಸಿ ಗೊಣಗಬಹುದು, ಇಳಿಜಾರಿನಲ್ಲಿ ಗೊಣಗಲು ಸಮಯವಿರುವುದಿಲ್ಲ.

ಉಜಿರೆಯಿಂದ ಕರೆಸಿದ ಮೆಕ್ಯಾನಿಕ್ ಟಾರ್ಚ್ ಬಿಟ್ಟು ತೋರಿಸಿದ. ಆ ಪುಲ್ಲಿ ನೋಡಲು ಒಂದೇ ಕಬ್ಬಿಣದ ತುಂಡಿನಂತಿದ್ದರೂ ಕ್ರ್ಯಾಂಕಿಗೆ ಕೂರುವ ಒಳಗಿನ ಹಬ್ ಬೇರೆ, ಬೆಲ್ಟ್ ಹರಿಯುವ ಹೊರಗಿನ ಬಳೆ ಬೇರೆ, ಎರಡನ್ನೂ ಹಿಡಿದಿರುವುದು ನಡುವಿನ ರಬ್ಬರು. ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿಕೊಂಡಾಗಲೆಲ್ಲ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ಅಷ್ಟಿಷ್ಟು ತಿರುಚಿಕೊಳ್ಳುತ್ತದೆ, ಆ ನಡುಕವನ್ನು ನುಂಗುವುದೇ ರಬ್ಬರಿನ ಕೆಲಸ. ನಮ್ಮದರಲ್ಲಿ ರಬ್ಬರು ಒಣಗಿ ಬಿರುಕು ಬಿಟ್ಟು, ಎತ್ತಿನ ಗಾಡಿಯ ಚಕ್ರದಿಂದ ಕಬ್ಬಿಣದ ಪಟ್ಟಿ ಜಾರಿದಂತೆ ಹೊರಗಿನ ಬಳೆ ಮುಂದಕ್ಕೆ ಸರಿದಿತ್ತು. ಪುಲ್ಲಿಯೇ ಓರೆಯಾದ ಮೇಲೆ ಅದರ ಮೇಲೆ ಯಾವ ಬೆಲ್ಟ್ ತಾನೇ ನೆಟ್ಟಗೆ ಓಡೀತು? 2005ರಲ್ಲಿ ಇನ್ನೋವಾ ಬಂದಾಗ ಬಿಡದಿಯ ಕಾರ್ಖಾನೆಯಲ್ಲಿ ಕ್ವಾಲಿಸ್ ನಿಂತೇ ಹೋಯಿತು. ನಿಮ್ಮ ಗಾಡಿಯಲ್ಲಿ ಮೊದಲಿನ ಪುಲ್ಲಿಯೇ ಇದ್ದರೆ ಅದರ ರಬ್ಬರಿಗೆ ಇಪ್ಪತ್ತು ವರ್ಷ ದಾಟಿದೆ ಎಂದು ಲೆಕ್ಕ ಹಾಕು. ಇನ್ನೊಮ್ಮೆ ಹೇಳುತ್ತೇನೆ, ಬೆಲ್ಟನ್ನು ಮಾತ್ರ ಬದಲಿಸಿಕೊಂಡು ಘಾಟಿ ಇಳಿಯಬೇಡಿ.

ಇಷ್ಟು ಹೇಳಿದರೂ ಈ ಮನೆತನದಲ್ಲಿ ನನ್ನ ಮಾತಿಗೆ ಬೆಲೆ ಬರುವುದು ಗಾಡಿ ಕೆಟ್ಟ ಮೇಲೆಯೇ. ರಮೇಶ ಇಂದಿಗೂ ಮದುವೆಮನೆಗಳಲ್ಲಿ ದೊಡ್ಡಪ್ಪನ ಬ್ರೇಕು ಎಂದು ಆಡಿಕೊಂಡು ನಗುತ್ತಾನೆ. ಅವನ ಮದುವೆಯಲ್ಲಿ ಛತ್ರದಿಂದ ಪಾತ್ರೆ, ಬಾಳೆಗೊನೆ, ಅಡುಗೆಯವರು, ಕೊನೆಗೆ ಪುರೋಹಿತರ ಸೈಕಲ್ಲನ್ನೂ ಹೊತ್ತದ್ದು ಇದೇ ಕ್ವಾಲಿಸ್. ಡೀಸೆಲ್ ಹಾಕಿಸಿದವನು ನಾನು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಆ ದುಡ್ಡು ಕಟ್ಟುವಾಗ ಯಾರೂ ಹೇಗಪ್ಪ ಎಂದು ವಿಚಾರಿಸಲಿಲ್ಲ, ಗುಜರಿಗೆ ಹಾಕಿ ದೊಡ್ಡಪ್ಪ ಎಂದು ಸಲಹೆ ಕೊಟ್ಟವರು ಮಾತ್ರ ಬಹಳ. ಸಲಹೆ ಕೊಟ್ಟವರೇ ಮುಂದಿನ ತಿಂಗಳು ಶಿವಮೊಗ್ಗದ ನಾಮಕರಣಕ್ಕೆ ಗಾಡಿ ಕೇಳಿದರು. ಕೊಟ್ಟೆ. ಗುಂಡಿಗೆ ಇಳಿಸಿ ಮುಂದಿನ ಬಂಪರನ್ನು ಸೊಟ್ಟ ಮಾಡಿ ತಂದು ನಿಲ್ಲಿಸಿದರು. ಯಾರು ಎಂದು ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತಿರುವವರಿಗೆ ಗೊತ್ತಿದೆ. ಹಳೆಯ ಗಾಡಿ ಎಂದರೆ ಎಲ್ಲರಿಗೂ ಬೇಕು, ಅದರ ರಬ್ಬರು ಒಣಗಿದೆಯೇ ಎಂದು ನೋಡುವವನು ಒಬ್ಬನೇ ಮುದುಕ.

ಸೊಸೆ ಇಲ್ಲಿಂದ ಸನ್ನೆ ಮಾಡುತ್ತಿದ್ದಾಳೆ, ಸುಮಾ ಏನು ಮಾಡಬೇಕೆಂದು ಹೇಳಿ ಎಂದು. ಸರಿ. ಮೊದಲು ಎಂಜಿನ್ ಆಫ್ ಇರುವಾಗ ಸೀಮೆಸುಣ್ಣದಿಂದ ಪುಲ್ಲಿಯ ಹಬ್‌ನಿಂದ ಹೊರಗಿನ ಬಳೆಯವರೆಗೆ ಒಂದು ನೇರ ಗೆರೆ ಎಳೆಯಿರಿ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ನಿಲ್ಲಿಸಿ ನೋಡಿ. ಗೆರೆ ಮುರಿದು ಎರಡು ಕಡೆಗಾಗಿದ್ದರೆ ರಬ್ಬರು ಬಿಟ್ಟಿದೆ, ಮತ್ತೆ ಚರ್ಚೆಯೇ ಬೇಡ. ಓಡುವಾಗ ಪಕ್ಕದಿಂದ ನೋಡಿದರೆ ಪುಲ್ಲಿ ಓಲಾಡುವುದೂ ಕಾಣುತ್ತದೆ. ಆದರೆ ಈ ಗಾಡಿಯ ಫ್ಯಾನ್ ಎಂಜಿನ್ ಜೊತೆಗೇ ತಿರುಗುತ್ತಿರುತ್ತದೆ, ಸೆರಗು, ಜಡೆ, ಕೈ ಎಲ್ಲವನ್ನೂ ದೂರವಿಟ್ಟುಕೊ. ಗೆರೆ ನೆಟ್ಟಗಿದ್ದರೆ ಬೆಲ್ಟುಗಳನ್ನು ಕಳಚಿಸಿ ಡೈನಮೋವನ್ನೂ ನೀರಿನ ಪಂಪನ್ನೂ ಕೈಯಿಂದ ತಿರುಗಿಸಿ ನೋಡಲಿ, ಗೊರಗೊರ ಎನ್ನುವುದು ಅವುಗಳ ಬೇರಿಂಗ್ ಇರಬಹುದು.

ಪುಲ್ಲಿಯೇ ಹೋಗಿದೆ ಎಂದಾದರೆ ಹೊಸದನ್ನೇ ತರಿಸಿ. ಗುಜರಿಯಿಂದ ತಂದದ್ದು ಬೇಡ, ಅದರ ರಬ್ಬರಿಗೂ ಅಷ್ಟೇ ವಯಸ್ಸು. ಬಳೆಯನ್ನೂ ಹಬ್ಬನ್ನೂ ವೆಲ್ಡ್ ಮಾಡಿ ಒಂದು ಮಾಡಿ ಕೊಡುತ್ತೇವೆ ಎನ್ನುವವರಿದ್ದಾರೆ, ಅವರಿಗೆ ಕೈ ಮುಗಿದು ಬಂದುಬಿಡಿ, ಏಕೆಂದರೆ ರಬ್ಬರು ನುಂಗಬೇಕಾದ ನಡುಕವೆಲ್ಲ ಆಮೇಲೆ ಕ್ರ್ಯಾಂಕ್ ಶಾಫ್ಟಿಗೇ ಉಳಿಯುತ್ತದೆ. ಹಳೆಯದನ್ನು ಪುಲ್ಲರ್ ಹಾಕಿ ಎಳೆಯಬೇಕು, ಸುತ್ತಿಗೆಯಿಂದ ಬಡಿದು ಬಿಚ್ಚುವುದಾದರೆ ಬೇರೆ ಗ್ಯಾರೇಜಿಗೆ ಹೋಗಿ. ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಒಳಗಿನ ಕೀ ಎಂಬ ಲೋಹದ ತುಂಡು ಮತ್ತು ಅದು ಕೂರುವ ತೋಡು ಸವೆದಿದೆಯೇ, ಮುಂದಿನ ಆಯಿಲ್ ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೇ ಎಂದು ನೋಡಿಸಿ. ಎಣ್ಣೆ ಬಿದ್ದರೆ ಹೊಸ ರಬ್ಬರೂ ಬೇಗ ಹಾಳಾಗುತ್ತದೆ. ನಡುವಿನ ದೊಡ್ಡ ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯುವುದಲ್ಲ, ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಜೋಡಿ ಬೆಲ್ಟುಗಳನ್ನು ಒಟ್ಟಿಗೇ ಬದಲಿಸಿ, ಸ್ವಲ್ಪ ದಿನ ಓಡಿಸಿದ ಮೇಲೆ ಬಿಗಿಯನ್ನು ಮತ್ತೆ ನೋಡಿಸಿ. ಎಂಜಿನ್ನಿನ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಬೇರೆಯೇ ಇದೆ, ಅದನ್ನು ಹಾಕಿಸಿ 1 ಲಕ್ಷ ಕಿಲೋಮೀಟರ್ ಹತ್ತಿರವಾಗಿದ್ದರೆ ಅದನ್ನೂ ಈಗಲೇ ಮುಗಿಸಿಬಿಡಿ, ಅದಕ್ಕೂ ಇದೇ ಪುಲ್ಲಿಯನ್ನು ಕಳಚಲೇಬೇಕು, ಕೂಲಿ ಒಂದೇ ಸಲ ಬೀಳುತ್ತದೆ.

ಶುಕ್ರವಾರದೊಳಗೆ ಪುಲ್ಲಿ ಸಿಗದಿದ್ದರೆ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಹೋಗಿ ಬನ್ನಿ, ಮಕ್ಕಳಿಗೆ ಕಿಟಕಿ ಪಕ್ಕದ ಸೀಟು ಹಿಡಿ. ಕಳಚಿದ ಹಳೆಯ ಪುಲ್ಲಿಯನ್ನು ಗ್ಯಾರೇಜಿನಲ್ಲಿ ಬಿಡದೆ ಕೇಳಿ ತೆಗೆದುಕೊಂಡು, ರಬ್ಬರು ಕಾಣುವಂತೆ ಒಂದು ಫೋಟೋ ಇಲ್ಲಿಗೆ ಹಾಕು.